ಮಗನ ಐದು ಬೆರಳಲ್ಲಿ ನನ್ನ ಹೆಸರಿಲ್ಲ: ವಾರಕ್ಕೆರಡು ದಿನ ಮನೆಗೆ ಬರೋ ಅಪ್ಪ ಏನು ಮಾಡಬಹುದು?

ನೈಟ್‌ಹಾಲ್ಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ಮನೆ ಓದ್ತಿದ್ದೆ, ಬರೆಯೋದು ಇದೇ ಮೊದಲು. ಮೊಬೈಲಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸ್ತಿದ್ದೀನಿ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾನು ಸರ್ಕಾರಿ ಬಸ್ ಕಂಡಕ್ಟರ್. ಊರು ಅರಸೀಕೆರೆ ತಾಲ್ಲೂಕು, ಡಿಪೋ ಮಲೆನಾಡು ಕಡೆ. ನಾಲ್ಕು ವರ್ಷದಿಂದ ನೈಟ್ ಹಾಲ್ಟ್ ಶೆಡ್ಯೂಲ್. ಮಧ್ಯಾಹ್ನ ಗಾಡಿ ಹೊರಟರೆ ರಾತ್ರಿ ಎಂಟೂಕಾಲಿಗೆ ಕೊನೇ ಹಳ್ಳಿ. ನಾನೂ ಡ್ರೈವರಣ್ಣನೂ ಬಸ್ಸಲ್ಲೇ ಸೊಳ್ಳೆಪರದೆ ಕಟ್ಟಿ ಮಲಗ್ತೀವಿ. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಅಲ್ಲಿಂದಲೇ ಮೊದಲ ಟ್ರಿಪ್. ಮಧ್ಯೆ ಸಿಗೋ ಹೊತ್ತಲ್ಲಿ ಡಿಪೋ ರೆಸ್ಟ್ ರೂಮಲ್ಲಿ ಬಿದ್ದುಕೊಳ್ಳೋದು. ಮನೆಗೆ ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ.

ಮಗ ನಮ್ಮೂರ ಸರ್ಕಾರಿ ಶಾಲೇಲಿ ನಾಲ್ಕನೇ ಕ್ಲಾಸು. ಹೋದ ತಿಂಗಳು ಶಾಲೇಲಿ 'ಸಮುದಾಯದತ್ತ ಶಾಲೆ' ಇತ್ತು. ಅಪ್ಪ ಅಮ್ಮ ಹೋಗಿ ಮಕ್ಕಳು ಏನು ಕಲ್ತಿದ್ದಾರೆ ಅಂತ ನೋಡ್ಕೊಂಡು ಬರೋ ದಿನ. ನನ್ನ ವೀಕ್ಲಿ ಆಫ್ ಅವತ್ತೇ ಬಿದ್ದಿದ್ದಕ್ಕೆ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಹೋದೆ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಮಕ್ಕಳ ಹಾಳೆ ನೇತುಹಾಕಿದ್ದರು. ಅಂಗೈನ ಹಾಳೆ ಮೇಲಿಟ್ಟು ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು, ಒಂದೊಂದು ಬೆರಳೊಳಗೆ ಒಂದೊಂದು ಹೆಸರು. ಹೆದರಿಕೆ ಆದರೆ, ಯಾರಾದರೂ ಕೆಟ್ಟದಾಗಿ ನಡ್ಕೊಂಡರೆ ನೀನು ಯಾರಿಗೆ ಹೇಳ್ತೀಯ ಅಂತ ಮಿಸ್ಸು ಬರೆಸಿದ್ದು.

ನಮ್ಮವನ ಹೆಬ್ಬೆರಳಲ್ಲಿ ಅಮ್ಮ. ತೋರುಬೆರಳಲ್ಲಿ ಅಜ್ಜಿ. ಮಿಕ್ಕ ಮೂರೂ ಖಾಲಿ. ಪಕ್ಕದ ಹುಡುಗಿದು ಐದೂ ಬೆರಳು ತುಂಬಿ, ಜಾಗ ಸಾಲದೆ ಅಂಗೈ ನಡುವೆ ನಾಯಿ ಹೆಸರೂ ಇತ್ತು.

ಹೆಂಡತಿ ಪಕ್ಕದಲ್ಲೇ ನಿಂತಿದ್ಲು. ಅವಳೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಸಂಜೆ ಪೇಟೆಗೆ ಹೋಗಿ ಒಂಬೈನೂರು ರೂಪಾಯಿ ಕೊಟ್ಟು ರಿಮೋಟ್ ಕಾರು ತಂದೆ. ಮೂರು ದಿನ ಆಡಿದ. ಈಗ ಅದು ಮಂಚದ ಕೆಳಗೆ ಬಿದ್ದಿದೆ.

ನಮ್ಮಪ್ಪ ಕುಡೀತಿದ್ದ. ಸಂತೆ ದಿನ ಅಂದರೆ ನಾನೂ ತಂಗಿಯೂ ಕತ್ತಲಾಗೋದ್ರೊಳಗೆ ಉಂಡು ಕೊಬ್ಬರಿ ಅಟ್ಟ ಹತ್ತಿ ಕಾಯಿ ರಾಶಿ ಹಿಂದೆ ಮಲಗ್ತಿದ್ದೆವು. ಕೆಳಗಿಂದ ಸದ್ದು ಬಂದಷ್ಟೂ ನಾವು ಮೇಲೆ ಉಸಿರು ಬಿಗಿ ಹಿಡಿಯೋದು. ಅದಕ್ಕೇ ನಾನು ಕುಡಿಯಲ್ಲ. ಮಗನ ಮೇಲೆ ಒಂದು ದಿನ ಕೈ ಎತ್ತಿಲ್ಲ. ಅಷ್ಟಾದರೆ ಅಪ್ಪನ ಕೆಲಸ ಮುಗೀತು ಅಂದ್ಕೊಂಡಿದ್ದೆ. ಈಗ ನೋಡಿದರೆ ಕೆಟ್ಟದ್ದು ಕೊಡಲಿಲ್ಲ ಅನ್ನೋದು ಸರಿ, ಒಳ್ಳೇದು ಅಂತ ಏನು ಕೊಟ್ಟೆ ಅಂತ ಲೆಕ್ಕ ಹಾಕೋಕೆ ಕೂತರೆ ವೇಬಿಲ್ ತಾಳೆ ಆಗ್ತಿಲ್ಲ.

ಡ್ಯೂಟಿ ಬದಲಾಯಿಸು ಅಂತ ಮಾತ್ರ ಹೇಳಬೇಡಿ. ಅರ್ಜಿ ಕೊಟ್ಟು ಎರಡು ವರ್ಷ ಆಯ್ತು. ಇರೋ ಎರಡು ದಿನದಲ್ಲಿ, ಇಲ್ಲದ ಐದು ದಿನದಲ್ಲಿ ಏನು ಮಾಡಬಹುದು ಅದನ್ನ ಹೇಳಿ.

ಮಾಸ್ತರ_ನವಲಗುಂದ

ಕಂಡಕ್ಟರ್ ಸಾಹೇಬ್ರ, ಶರಣ್ರಿ. ನಾ ಪ್ರಾಥಮಿಕ ಶಾಲಿ ಮಾಸ್ತರ, ಈಗ ನಿವೃತ್ತ. ಮೊದಲ ಒಂದು ಮಾತು ಹೇಳ್ತೇನ್ರಿ: ಆ ಹಾಳಿ ನೋಡಿ ನಿಮಗ ಸಂಕಟ ಆತಲ್ಲ, ಅದರಾಗ ಅರ್ಧ ಕೆಲಸ ಆತು. ನಾ ಮೂವತ್ನಾಕು ವರ್ಷದಾಗ ಕಂಡ ಅಪ್ಪಂದಿರೊಳಗ ಹಾಳಿ ತನಕ ಬಂದವರೇ ಕಡಿಮಿ.

ನಂದೊಂದು ಕಥಿ ಕೇಳ್ರಿ. ಸರ್ವಿಸಿನ ಮೊದಲಿನ ಹತ್ತು ವರ್ಷ ನನ್ನ ಕೈಯಾಗ ಛಡಿ ಇತ್ತು. 'ಛಡಿ ಛಂ ಛಂ, ವಿದ್ಯಾ ಘಂ ಘಂ' ಅಂತ ನಾನೂ ಹೇಳಾಂವನ ಇದ್ದೆ. ಆಮ್ಯಾಲ ನಲಿ-ಕಲಿ ತರಬೇತಿ ಆತು. 1995ರಾಗ ಹೆಗ್ಗಡದೇವನಕೋಟಿ ತಾಲೂಕಿನ ಮಾಸ್ತರಗೋಳು ಆಂಧ್ರದ ರಿಷಿವ್ಯಾಲಿ ಶಾಲಿಗೆ ಹೋಗಿ ನೋಡಿ ಬಂದು ಸುರು ಮಾಡಿದ್ದದು. ಮಾಸ್ತರ ಖುರ್ಚಿ ಬಿಟ್ಟು ಹುಡುಗರ ಜೋಡಿ ನೆಲದ ಮ್ಯಾಲ ಕುಂದ್ರಬೇಕು. ಕುಂತೆ ನೋಡ್ರಿ, ಮೊದಲ ದಿನ ಮೊಣಕಾಲು ನೋವಾತು, ಎರಡನೇ ದಿನ ಮನಸಿಗೆ ನೋವಾತು. ಯಾಕಂದ್ರ ನೆಲಕ್ಕ ಕುಂತಾಗ ಹುಡುಗರ ಮಾರಿ ಕಾಣಸ್ತದ. ನಾ ಹತ್ರ ಸರದ್ರ ಒಂದು ಹುಡುಗ ಮಾರಿ ಮ್ಯಾಲ ಕೈ ಅಡ್ಡ ಹಿಡದಾ. ಹೊಡೀತೇನಂತ. ನಾ ಅಂವಗ ಚಾಕ್‌ಪೀಸ್ ಕೊಡಾಕ ಹೋಗಿದ್ದೆ. ಛಡಿ ಅವತ್ತ ಒಲೀಗೆ ಹಾಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್‌ದಾಗ ಹೊಡಿಯೂದು, ಹೀಯಾಳಿಸೂದು ಎರಡೂ ಮಾಡಬಾರದು ಅಂತ ಬಂದದ್ದು ಆಮ್ಯಾಲ.

ಛಡಿ ಬಿಟ್ಟೆ, ಖರೆ. ಆದ್ರ ನೀವು ಅಂದಂಗ, ಹೊಡಿಯೂದು ಬಿಟ್ಟ ಕೂಡ್ಲೆ ಪ್ರೀತಿ ಆಗೂದುಲ್ರಿ. ಹಾಜರಿ ಕರಿಯೂ ಮುಂದ 'ಹಾಜರ್ ಸರ್' ಅನ್ನೂದ್ರ ಬದಲಿ 'ರಾತ್ರಿ ಏನ್ ಉಂಡಿ' ಅನ್ನೂದು ಹೇಳಬೇಕು ಅಂತ ಮಾಡಿದೆ. ಎಲ್ಲಾರೂ ರೊಟ್ಟಿ, ಝುಣಕಾ, ಅನ್ನ ಸಾರು ಅಂತ ನಕ್ಕೋತ ಹೇಳೋರು. ಒಂದು ಹುಡುಗಿ ದಿನಾ ತನ್ನ ಮುಂದಿನ ನಂಬರಿನಾಕಿ ಹೇಳಿದ್ದನ್ನ ಹೇಳ್ತಿತ್ತು. ಆಕಿ ಬದನಿಕಾಯಿ ಪಲ್ಯ ಅಂದ್ರ ಈಕಿನೂ ಬದನಿಕಾಯಿ ಪಲ್ಯ. ನನಗೇನ್ ತಿಳೀಲಿಲ್ಲ. ಒಂದಿನ ಮುಂದಿನಾಕಿ ಜ್ವರ ಬಂದು ಶಾಲಿಗೆ ಬರಲಿಲ್ಲ. ಈಕಿ ಪಾಳಿ ಬಂತು, ಬಾಯಿ ತಗದ್ಲು, ಮಾತು ಬರಲಿಲ್ಲ. ಮುಂದ ನಾ ಏನೂ ಕೇಳಲಿಲ್ರಿ. ಅಡಗಿ ಅಕ್ಕಗ ಒಂದು ಮಾತು ಹೇಳಿದೆ. ಮುಂಜಾನಿ ಹಾಲು ಕೊಡೂ ಮುಂದ ಈ ಹುಡುಗಿ ಲೋಟ ಮೊದಲ ತುಂಬೂದು, ಉಳದ್ರ ಮತ್ತೊಮ್ಮೆ ತುಂಬೂದು. ಸರ್ಕಾರ 2013ರಾಗ ಕ್ಷೀರಭಾಗ್ಯ ಸುರು ಮಾಡಿದಾಗ ತಲಾ 150 ಎಂ.ಎಲ್. ಅಂತ ಇತ್ತು, ಅಡಗಿ ಅಕ್ಕನ ಕೈಯಾಗ ಅಳತಿ ಬ್ಯಾರೆ ಇರ್ತದ.

ನಿಮಗ ನಾ ಹೇಳೂದು ಇಷ್ಟ. ದೊಡ್ಡ ಪ್ರಶ್ನಿ ಕೇಳಬ್ಯಾಡ್ರಿ. 'ಸಾಲಿ ಹೆಂಗ ನಡದೈತಿ' ಅಂದ್ರ 'ಚೊಲೊ' ಅಂತಾನ, ಮುಗೀತು. ಸಣ್ಣ ಪ್ರಶ್ನಿ, ದಿನಾ ಒಂದ, ಅದ ಹೊತ್ತಿಗೆ ಕೇಳ್ರಿ.

ಹಳೇಕಾಲ

ಎಲ್ಲ ಅತಿಯಾಯ್ತು. ನಮ್ಮಪ್ಪ ಬಾರುಕೋಲಲ್ಲಿ ಬಾರಿಸಿದ್ದಾರೆ, ಮೇಷ್ಟ್ರು ಕಿವಿ ಹಿಂಡಿದ್ದಾರೆ, ನಾವೇನು ಹಾಳಾಗಿ ಹೋದ್ವಾ? ಬೆರಳು, ಅಂಗೈ ಅಂತ ಮಕ್ಕಳ ತಲೇಲಿ ಇಲ್ಲದ್ದು ತುಂಬ್ತಾರೆ. ಕಂಡಕ್ಟರಣ್ಣ, ದುಡಿದು ತಂದು ಹಾಕ್ತಿದ್ದೀಯ, ತಲೆ ಕೆಡಿಸ್ಕೋಬೇಡ.

ನೈಟ್‌ಹಾಲ್ಟ್

ಮಾಸ್ತರೇ, ಆ ಹುಡುಗಿ ವಿಷಯ ಓದಿ ಬಸ್ಸಲ್ಲಿ ಕೂತು ಎರಡು ಸಲ ಪರದೆ ಸರಿ ಮಾಡ್ಕೊಂಡೆ. ಕೈ ಮುಗಿದೆ.

ಹಳೇಕಾಲ ಅಣ್ಣ, ನೀವು ಹಾಳಾಗದೆ ಇರಬಹುದು. ನಾನು ಹೇಳ್ತೀನಿ ಕೇಳಿ, ಈಗಲೂ ಬಸ್ಸಲ್ಲಿ ಯಾರಾದರೂ ಕುಡಿದು ಜೋರು ಮಾಡಿದರೆ ನನ್ನ ಹೊಟ್ಟೆ ಒಳಗೆ ಎಳ್ಕೊಳ್ಳುತ್ತೆ. ವಯಸ್ಸು ಮೂವತ್ತೊಂಬತ್ತು, ಕೈಯಲ್ಲಿ ಟಿಕೆಟ್ ಮಿಷಿನ್, ಮೈಮೇಲೆ ಖಾಕಿ. ಆದರೂ ಒಂದು ಕ್ಷಣ ಅಟ್ಟ ಎಲ್ಲಿ ಅಂತ ಹುಡುಕ್ತೀನಿ. ಹಾಳಾಗಿಲ್ಲ, ಸರಿ. ಆದರೆ ಅದು ಹೋಗಿಲ್ಲ.

ಕೌನ್ಸೆಲರ್_ಅಕ್ಕ

ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿ. ಹಳೇಕಾಲ ಅವರ ಮಾತು ವಾರಕ್ಕೆ ನಾಲ್ಕು ಸಲವಾದರೂ ನನ್ನ ಮೇಜಿನ ಎದುರು ಬರುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೆಲಿಟ್ಟಿ ಮತ್ತು ಆಂಡಾ ಅನ್ನೋ ಇಬ್ಬರು ವೈದ್ಯರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಯಲ್ಲಿ ಹೊಡೆತ, ಕುಡಿತ, ಅವಮಾನ, ಅಮ್ಮನ ಮೇಲೆ ಹಲ್ಲೆ, ಇಂಥದ್ದನ್ನೆಲ್ಲ ಚಿಕ್ಕಂದಿನಲ್ಲಿ ಕಂಡವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆಯಿಂದ ಹಿಡಿದು ಖಿನ್ನತೆವರೆಗೆ ಅಪಾಯ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಇಂಥ ಅನುಭವ ಹೆಚ್ಚಾದಷ್ಟೂ ಅಪಾಯವೂ ಹೆಚ್ಚು. ಆಗಿನಿಂದ ಎಲ್ಲರೂ ಕೆಟ್ಟದ್ದನ್ನೇ ಎಣಿಸುತ್ತಾ ಕೂತರು. ಒಳ್ಳೇದನ್ನೂ ಎಣಿಸೋಣ ಅಂತ ಕ್ರಿಸ್ಟಿನಾ ಬೆಥೆಲ್ ಮತ್ತು ಜೊತೆಯವರು ವಿಸ್ಕಾನ್ಸಿನ್ ರಾಜ್ಯದ 6,188 ವಯಸ್ಕರ ಉತ್ತರಗಳನ್ನು ನೋಡಿ 2019ರಲ್ಲಿ ಬರೆದರು. ಏಳೇ ಪ್ರಶ್ನೆ. ಮನಸ್ಸಿನಲ್ಲಿರೋದನ್ನ ಮನೆಯವರ ಹತ್ತಿರ ಹೇಳಿಕೊಳ್ಳೋಕೆ ಆಗ್ತಿತ್ತಾ, ಕಷ್ಟ ಬಂದಾಗ ಮನೆಯವರು ಬೆನ್ನಿಗೆ ನಿಂತರಾ, ಮನೆಯಲ್ಲಿದ್ದ ದೊಡ್ಡವರೊಬ್ಬರ ನೆರಳಲ್ಲಿ ಭಯವಿಲ್ಲದೆ ಇದ್ದೆಯಾ, ಗೆಳೆಯರಿದ್ದರಾ, ಹೈಸ್ಕೂಲಿನಲ್ಲಿ ಇದು ನನ್ನ ಜಾಗ ಅನ್ನಿಸಿತ್ತಾ, ಊರಿನ ಆಚರಣೆಗಳಲ್ಲಿ ಖುಷಿಯಾಗಿ ಸೇರ್ತಿದ್ದೆಯಾ, ಅಪ್ಪ ಅಮ್ಮ ಅಲ್ಲದ ಕಡೇಪಕ್ಷ ಇಬ್ಬರು ದೊಡ್ಡವರು ನಿನ್ನ ವಿಷಯದಲ್ಲಿ ನಿಜವಾದ ಆಸಕ್ತಿ ತೋರಿದ್ದರಾ.

ಎರಡಕ್ಕಿಂತ ಹೆಚ್ಚಿಗೆ ಹೌದು ಅನ್ನಲಾಗದವರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಖಿನ್ನತೆ ಅಥವಾ ಮಾನಸಿಕ ತೊಂದರೆ ಇತ್ತು. ಆರೋ ಏಳೋ ಹೌದು ಅಂದವರಲ್ಲಿ ಅದು ಸುಮಾರು 13. ಬಾಲ್ಯದಲ್ಲಿ ಕೆಟ್ಟದ್ದು ಕಂಡವರಲ್ಲೂ ಈ ಒಳ್ಳೆಯದರ ಬಲ ಉಳಿದಿತ್ತು. ಇದನ್ನ ಮಂತ್ರದಂಡ ಅಂತ ಹೇಳ್ತಿಲ್ಲ. ದೊಡ್ಡವರಾದ ಮೇಲೆ ನೆನಪಿನಿಂದ ಹೇಳಿದ ಉತ್ತರಗಳವು, ಒಂದರಿಂದಲೇ ಇನ್ನೊಂದಾಯ್ತು ಅಂತ ಅದು ಸಾಬೀತು ಮಾಡಲ್ಲ, ನಮ್ಮೂರಿನದ್ದೂ ಅಲ್ಲ. ಆದರೆ ಇದನ್ನ ಓದಿದ ದಿನದಿಂದ ನಾನು ರೋಗಿಗಳಿಗೆ ಕೇಳೋ ಪ್ರಶ್ನೆ ಬದಲಾಯ್ತು. 'ಏನೇನು ಆಯ್ತು' ಅಂತ ಕೇಳಿದ ಮೇಲೆ 'ಆಗ ಯಾರಿದ್ದರು' ಅಂತಲೂ ಕೇಳ್ತೀನಿ. ಎಷ್ಟೋ ಜನ ಅಲ್ಲಿ ಮೊದಲ ಸಲ ನಗ್ತಾರೆ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಮನೆ ಜಗಳ ಎಲ್ಲ ಒಟ್ಟಿಗೆ ಇದ್ದ ಮಕ್ಕಳಲ್ಲೂ ಮೂರರಲ್ಲಿ ಒಂದು ಚೆನ್ನಾಗಿಯೇ ಬೆಳೆಯಿತು. ಅಂಥವರ ಬಾಲ್ಯ ಕೆದಕಿದರೆ ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ ಒಬ್ಬರು ಇದ್ದೇ ಇರ್ತಿದ್ದರು.

ತಮ್ಮಾ, ಈಗ ನಿನಗೆ ಪ್ರಶ್ನೆ. ನಿನಗೆ ಆಗ ಯಾರಿದ್ದರು? ಅಟ್ಟದ ಮೇಲೆ ಮಲಗಿದ ಹುಡುಗ ಕುಡಿಯದ, ಕೈ ಎತ್ತದ ಅಪ್ಪನಾದ. ಅದು ತಾನಾಗೇ ಆಗಲ್ಲ.

ಎರಡನೇದು. ಮಗನ ಹತ್ತಿರ ಆ ಹಾಳೆ ವಿಷಯ ಎತ್ತಿದ್ದೀಯಾ? ನೊಂದ್ಕೊಂಡ ದನಿಯಲ್ಲಿ ಕೇಳಬೇಡ, ಅವನು ತಪ್ಪು ಮಾಡಿದೆ ಅಂದ್ಕೊಳ್ತಾನೆ. ಎಲ್ಲೋ ಹೋಗ್ತಾ ಬರ್ತಾ ಕೇಳು.

ಕಾಲುಸಂಕ

ನಾನು ಬೈಂದೂರು ಬದಿಯವಳು, ಗ್ರಾಮ ಪಂಚಾಯತ್ ಲೈಬ್ರರಿ ನೋಡಿಕೊಳ್ಳುವವಳು. ಈಗ ಅರಿವು ಕೇಂದ್ರ ಅಂತ ಬೋರ್ಡ್ ಬದಲಾಗಿದೆ, ಕಪಾಟು ಅದೇ.

ಮನೆ, ಶಾಲೆ ಎರಡರದ್ದೇ ಮಾತಾಯ್ತು. ಊರಿನದ್ದು ಎಂತದೂ ಬರಲಿಲ್ಲ, ಅದಕ್ಕೆ ಬರೆಯುವುದು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಫ್ರೀ ಮಾಡಿದರು. ಆಗ ಕೊರೊನಾ, ಶಾಲೆ ಇಲ್ಲ. ಅಲ್ಲಿವರೆಗೆ ನನ್ನ ಲೈಬ್ರರಿಗೆ ಬರುತ್ತಿದ್ದದ್ದು ಪೇಪರ್ ಓದುವ ಆರು ಜನ ಅಜ್ಜಂದಿರು. ಮಕ್ಕಳು ಬರಲಿಕ್ಕೆ ಶುರುವಾದ ಮೇಲೆ ಅಜ್ಜಂದಿರಿಗೆ ಮೊದಲು ಸಿಟ್ಟು ಬಂತು, ಗಲಾಟೆ ಅಂತ. ಆಮೇಲೆ ಒಬ್ಬ ಅಜ್ಜ ಚೆಸ್ ಬೋರ್ಡ್ ಎದುರು ಕೂತರು. ಈಗ ಆ ಅಜ್ಜ ಬಾರದಿದ್ದರೆ ಹುಡುಗರು ಅವರ ಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ ಮಾರಾಯ್ರೆ.

ಇನ್ನೊಂದು ಮಕ್ಕಳ ಗ್ರಾಮಸಭೆ. ನಮ್ಮ ಹಳೇ ಕುಂದಾಪುರ ತಾಲೂಕಿಗೆ ಇದು ಹೊಸತಲ್ಲ, 1990ರ ದಶಕದಲ್ಲೇ ಕೆರಾಡಿ ಸುತ್ತಮುತ್ತ ಮಕ್ಕಳೇ ಓಟು ಹಾಕಿ ಮಕ್ಕಳ ಪಂಚಾಯತ್ ಮಾಡಿಕೊಂಡಿದ್ದರು. ಈಗ ಎಲ್ಲ ಪಂಚಾಯತ್‌ನಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು. ಹೆಚ್ಚಿನ ಕಡೆ ಪ್ರಾರ್ಥನೆ, ಸ್ವಾಗತ, ದೊಡ್ಡವರ ಭಾಷಣ, ಬಿಸ್ಕಿಟು, ಮುಗೀತು. ನಮ್ಮಲ್ಲೂ ಹಾಗೇ ಇತ್ತು. ಒಂದು ವರ್ಷ ಆರನೇ ಕ್ಲಾಸಿನ ಹುಡುಗಿ ಎದ್ದು, ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಅಡಕೆ ಮರದ್ದು, ಜಾರ್ತದೆ, ಅಮ್ಮ ಬೆನ್ನ ಮೇಲೆ ಹೊತ್ತು ದಾಟಿಸುವುದು, ನಾನು ದೊಡ್ಡವಳಾದೆ ಅಮ್ಮನಿಗೆ ಭಾರ ಆಗ್ತದೆ ಅಂತ ಹೇಳಿದಳು. ಸಭೆ ಗಪ್‌ಚಿಪ್. ಸಿಮೆಂಟ್ ಸಂಕ ಆಗಲಿಕ್ಕೆ ಮುಂದಿನ ಮಳೆಗಾಲವೂ ಕಳೆಯಿತು. ಆದರೆ ಆಯ್ತು. ಆ ಹುಡುಗಿ ಈಗ ಪಿಯುಸಿ. ಸಂಕದ ಮೇಲೆ ಹೋಗುವಾಗ ನಡೆಯುವುದೇ ಬೇರೆ, ಅಧ್ಯಕ್ಷರ ಹಾಗೆ.

ನಿಮ್ಮ ಊರಲ್ಲಿ ಮಗನಿಗೆ ಇಂತಹ ಜಾಗ ಯಾವುದಿದೆ ನೋಡಿ. ಲೈಬ್ರರಿ ಇರಲೇಬೇಕು ಅಂತ ಇಲ್ಲ, ಅವನು ಹೋದರೆ ಓಹ್ ನೀನಾ ಬಾ ಅನ್ನುವ ಜಾಗ.

ನೈಟ್‌ಹಾಲ್ಟ್

ಅಕ್ಕಾ, ನೀವು ಕೇಳಿದ್ದಕ್ಕೆ ಉತ್ತರ ಟಿಕೆಟ್ ಹರಿಯುವಾಗಲೇ ಹೊಳೀತು. ಸೈಕಲ್ ಶಾಪ್ ಸಾಬರು. ನಮ್ಮೂರ ಸಂತೆ ಮಾಳದ ಮೂಲೇಲಿ ಅಂಗಡಿ. ಸ್ಕೂಲು ಬಿಟ್ಟ ಮೇಲೆ ಮನೆಗೆ ಹೋಗೋಕೆ ಹೆದರಿ ಅಲ್ಲಿ ಕೂತ್ಕೊಳ್ತಿದ್ದೆ. ಯಾಕೆ ಕೂತಿದ್ದೀಯ ಅಂತ ಅವರು ಒಂದು ದಿನ ಕೇಳಲಿಲ್ಲ. ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತೆ ನೋಡು ಅಂತ ಕೊಡ್ತಿದ್ದರು. ಗುಳ್ಳೆ ಸಿಕ್ಕಿದರೆ ಭಲೇ ಅಂತಿದ್ದರು. ನನಗೆ ಭಲೇ ಅಂದ ಮೊದಲ ಮನುಷ್ಯ. ಸಂಜೆ ಅಂಗಡಿ ಮುಚ್ಚಿ ನಮ್ಮನೆ ಬೀದಿ ಮೇಲೇ ಹೋಗ್ತಿದ್ದರು, ಅವರ ಮನೆ ಆ ಕಡೆ ಇರಲಿಲ್ಲ ಅಂತ ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ.

ಮಗನ ಹತ್ತಿರವೂ ಕೇಳಿದೆ. ಭಾನುವಾರ ತೋಟಕ್ಕೆ ಕರ್ಕೊಂಡು ಹೋಗಿದ್ದೆ, ಅವನು ಮುಂದೆ ನಾನು ಹಿಂದೆ. 'ಬೆರಳಲ್ಲಿ ನನ್ನ ಹೆಸರು ಯಾಕೆ ಬರೀಲಿಲ್ಲ ಮಗಾ' ಅಂದೆ. ತಿರುಗಿಯೂ ನೋಡದೆ ಅಂದ: 'ಮಿಸ್ಸು ತಕ್ಷಣ ಹೇಳೋಕೆ ಸಿಗೋರ ಹೆಸರು ಬರೀರಿ ಅಂದ್ರು. ನೀನು ಫೋನ್ ಎತ್ತಲ್ಲ, ಟಿಕೆಟ್ ಕೊಡ್ತಿರ್ತೀಯ.'

ಅಷ್ಟೇ. ಕೋಪ ಇಲ್ಲ, ಬೇಜಾರೂ ಇಲ್ಲ. ಲೆಕ್ಕ ಸರಿಯಾಗೇ ಬರೆದಿದ್ದಾನೆ ಬಡ್ಡಿಮಗ. ನಾನು ತಿಂಗಳೆಲ್ಲ ಅತ್ತಿದ್ದು ದಂಡ.

ಫಸ್ಟ್‌ಬಸ್_ಕೊಪ್ಪ

ಅಣ್ಣಾ, ನೀವು ಯಾರೂಂತ ಗೊತ್ತಿಲ್ಲ, ಆದರೆ ನೀವು ಓಡಿಸೋ ತರದ ಬಸ್ಸಲ್ಲೇ ನಾನು ಹೈಸ್ಕೂಲು ಮುಗಿಸಿದ್ದು. ಈಗ ಬೆಂಗಳೂರಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೊಪ್ಪ ತಾಲ್ಲೂಕಿನ ಒಳಗಿನ ಊರು, ಬೆಳಿಗ್ಗೆ ಒಂದೇ ಬಸ್. ಮನೆಯಿಂದ ರಸ್ತೆಗೆ ಕಾಫಿ ತೋಟದೊಳಗೆ ಎರಡು ಕಿಲೋಮೀಟರ್ ನಡೀಬೇಕು. ನಮ್ಮ ಕಂಡಕ್ಟರ್ ತಿರುವಿನಲ್ಲಿ ನಿಂತು ತೋಟದ ಒಳಗೆ ಛತ್ರಿ ಕಾಣ್ತಿದೆಯಾ ಅಂತ ನೋಡೋರು. ಕಂಡರೆ ವಿಷಲ್ ಹೊಡೀತಿರಲಿಲ್ಲ. ಒಂದು ದಿನ ನಾನು ಬರಲಿಲ್ಲ, ಮಾರನೇ ದಿನ 'ನಿನ್ನೆ ಯಾಕಮ್ಮ, ಹುಷಾರಿರಲಿಲ್ವಾ' ಅಂದರು. ಆ ವರ್ಷ ಅಪ್ಪ ತೀರಿಕೊಂಡಿದ್ದರು, ಮನೇಲಿ ಯಾರಿಗೂ ಯಾರನ್ನೂ ಕೇಳೋಷ್ಟು ತ್ರಾಣ ಇರಲಿಲ್ಲ. ನಾನು ಬರಲಿಲ್ಲ ಅಂತ ಲೆಕ್ಕ ಇಟ್ಟಿದ್ದು ಅವರೊಬ್ಬರೇ. ಕೌನ್ಸೆಲರ್ ಅಕ್ಕ ಹೇಳಿದ ಆ ಇಬ್ಬರು ದೊಡ್ಡವರಲ್ಲಿ ನನ್ನ ಒಬ್ಬರು ಅವರು. ಹೆಸರು ಕೂಡ ಕೇಳಿರಲಿಲ್ಲ ನೋಡಿ, ಎದೆ ಮೇಲಿನ ಬಿಲ್ಲೆ ನಂಬರ್ ಮಾತ್ರ ನೆನಪಿದೆ.

ನಿಮ್ಮ ಮಗನ ಬಗ್ಗೆ ನನಗೆ ಹೇಳೋಕೆ ಏನೂ ತೋಚಲಿಲ್ಲ. ಇದನ್ನ ಹೇಳಬೇಕು ಅನ್ನಿಸ್ತು.

ಕೌನ್ಸೆಲರ್_ಅಕ್ಕ

ಕೊಪ್ಪದ ಹುಡುಗಿ, ಚೆನ್ನಾಗಿ ಬರೆದೆ.

ಒಂದು ಎಚ್ಚರಿಕೆಯ ಮಾತು ಸೇರಿಸ್ತೀನಿ, ಇದನ್ನ ಹೇಳದಿದ್ದರೆ ನನ್ನ ಕೆಲಸಕ್ಕೆ ದ್ರೋಹ. ಅಪ್ಪ ಅಮ್ಮ ಅಲ್ಲದ ದೊಡ್ಡವರು ಬೇಕು ಅಂದರೆ ಯಾರ ಜೊತೆಗಾದರೂ ಬಿಡಿ ಅಂತಲ್ಲ. ಸೈಕಲ್ ಶಾಪ್ ಸಂತೆ ಮಾಳದಲ್ಲಿತ್ತು, ಊರಿಗೆಲ್ಲ ಕಾಣ್ತಿತ್ತು. ಚೆಸ್ ಅಜ್ಜ ಲೈಬ್ರರಿಯಲ್ಲಿ ಕೂತಿದ್ದಾರೆ. ಬಾಗಿಲು ತೆರೆದಿರೋ ಜಾಗ, ಇನ್ನೂ ನಾಲ್ಕು ಜನ ಓಡಾಡೋ ಜಾಗ. 'ಇದನ್ನ ಮನೇಲಿ ಹೇಳಬೇಡ' ಅನ್ನೋರು ಯಾರೇ ಆದರೂ ಅವರು ಬೆರಳಲ್ಲಿ ಇರಬಾರದು, ಅದನ್ನ ಮಗನಿಗೆ ಬಿಡಿಸಿ ಹೇಳು. 1098 ಮಕ್ಕಳ ಸಹಾಯವಾಣಿ ನಂಬರ್ ಅವನಿಗೆ ಬಾಯಿಪಾಠ ಇರಲಿ. ನಿನ್ನ ಹೊಟ್ಟೆ ಒಳಗೆ ಎಳ್ಕೊಳ್ಳುತ್ತೆ ಅಂದೆಯಲ್ಲ, ಅದಕ್ಕೆ 14416, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನೈಟ್ ಹಾಲ್ಟಿನಲ್ಲಿ ಮಾತಾಡೋಕೆ ಹೊತ್ತಂತೂ ಇದೆ.

ನೈಟ್‌ಹಾಲ್ಟ್ (ಆರು ವಾರದ ನಂತರ)

ಏನಾಯ್ತು ಅಂತ ಮಾಸ್ತರು ಮೆಸೇಜ್ ಮಾಡಿ ಕೇಳಿದರು, ಅದಕ್ಕೇ ಬರೀತಿದ್ದೀನಿ.

ಹಾಲ್ಟ್ ಹಳ್ಳೀಲಿ ನೆಟ್‌ವರ್ಕ್ ಸಿಗೋದು ಹಾಲಿನ ಡೈರಿ ಮೆಟ್ಟಿಲ ಮೇಲೆ ಮಾತ್ರ. ಎಂಟೂ ನಲವತ್ತಕ್ಕೆ ಅಲ್ಲಿ ಹೋಗಿ ಕೂತ್ಕೊಳ್ತೀನಿ. ಮಳೆ ಬಂದರೆ ಛತ್ರಿ. ಮಾಸ್ತರು ಹೇಳಿದ ಹಾಗೆ ದಿನಕ್ಕೊಂದು ಸಣ್ಣ ಪ್ರಶ್ನೆ. ಮೊದಲ ವಾರ 'ಹ್ಞೂಂ', 'ಇಲ್ಲ', 'ಅಮ್ಮಂಗೆ ಕೊಡ್ಲಾ' ಇಷ್ಟೇ. ನಾಲ್ಕನೇ ದಿನ ನನಗೂ ಸಾಕಾಗಿ ಬಿಟ್ಟುಬಿಡೋಣ ಅನ್ನಿಸಿತ್ತು. ಎರಡನೇ ವಾರ ಒಂದು ದಿನ ಗಾಡಿ ಪಂಕ್ಚರ್ ಆಗಿ ಹಳ್ಳಿ ಸೇರುವಾಗ ಒಂಬತ್ತೂವರೆ. ಮಲಗಿರ್ತಾನೆ ಅಂದ್ಕೊಂಡು ಫೋನ್ ತೆಗೆದರೆ ಅವನದೇ ಮಿಸ್ಡ್ ಕಾಲ್ ಏಳು.

ಅಲ್ಲಿಂದ ಮುಂದೆ ನಾನು ಪ್ರಶ್ನೆ ಕೇಳೋ ಹಾಗಿಲ್ಲ, ಅವನೇ ಕೇಳ್ತಾನೆ. ಇವತ್ತು ಎಷ್ಟು ಟಿಕೆಟ್, ಎಷ್ಟು ಶೂನ್ಯ ಟಿಕೆಟ್, ಯಾರಾದರೂ ವಾಂತಿ ಮಾಡಿದ್ರಾ. ವಾಂತಿ ವಿಷಯ ದಿನಾ ಬೇಕು.

ಊರಿನದ್ದು ಕಾಲುಸಂಕ ಅಕ್ಕ ಕೇಳಿದ್ದರು. ಅದು ನಾನು ಹುಡುಕೋ ಮೊದಲೇ ಇತ್ತಂತೆ, ನನಗೇ ಗೊತ್ತಿರಲಿಲ್ಲ. ನಮ್ಮಮ್ಮ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೋಗುವಾಗ ಇವನೂ ಹೋಗ್ತಾನೆ. ಅಲ್ಲಿ ಸೆಕ್ರೆಟರಿ ಮಿಷಿನ್ ಮೇಲೆ ಬರೋ ಫ್ಯಾಟ್ ನಂಬರ್ ಇವನ ಕೈಲಿ ಓದಿಸ್ತಾರಂತೆ. ದಶಮಾಂಶ ಇನ್ನೂ ಶಾಲೇಲಿ ಬಂದಿಲ್ಲ, ಇವನಿಗೆ ನಾಲ್ಕು ಪಾಯಿಂಟ್ ಒಂದು, ಮೂರು ಪಾಯಿಂಟ್ ಎಂಟು ಎಲ್ಲ ಗೊತ್ತು. ಹೋದ ವಾರ ಆಫ್ ದಿನ ನಾನೂ ಕ್ಯಾನ್ ಹಿಡ್ಕೊಂಡು ಹೋದೆ. ಸೆಕ್ರೆಟರಿ ನನ್ನನ್ನ ನೋಡಿ 'ಇವರೇನಾ ನಿಮ್ಮ ಬಸ್ಸು' ಅಂದರು. ಕೇಳಿದ್ದು ನನ್ನನ್ನಲ್ಲ, ಮಗನನ್ನ.

ಕೊಪ್ಪದ ತಂಗಿ, ನಿಮ್ಮ ಮಾತು ಓದಿದ ಮಾರನೇ ದಿನ ಮೊದಲ ಟ್ರಿಪ್ಪಲ್ಲಿ ಮಕ್ಕಳನ್ನ ಎಣಿಸಿದೆ. ಹತ್ತೊಂಬತ್ತು. ನಾಲ್ಕು ವರ್ಷದಿಂದ ಹತ್ತಿ ಇಳಿಸ್ತಿದ್ದೀನಿ, ಎಣಿಸಿದ್ದು ಅವತ್ತೇ ಮೊದಲು. ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಕೊಡಬೇಕಲ್ಲ, ಅವರ ಮುಖ ಗೊತ್ತಿತ್ತು. ಹುಡುಗರು ಪಾಸ್ ತೋರಿಸಿ ಹಿಂದೆ ಹೋಗ್ತಾರೆ, ನಾನು ಪಾಸ್ ನೋಡ್ತಿದ್ದೆ ಹೊರತು ಮುಖ ನೋಡ್ತಿರಲಿಲ್ಲ. ಈಗ ಹೆಸರು ಕೇಳ್ತಿದ್ದೀನಿ, ಹನ್ನೊಂದು ಆಯ್ತು. ಎಲ್ಲ ಸುಲಭ ಅಂತಲ್ಲ. ಒಂದು ದಿನ ಒಬ್ಬ ಹುಡುಗ ಓಡಿ ಬರ್ತಿದ್ದ ಅಂತ ನಿಲ್ಲಿಸಿದ್ದಕ್ಕೆ ಕೋರ್ಟಿಗೆ ಹೋಗೋ ಯಜಮಾನರೊಬ್ಬರು ಕಂಪ್ಲೇಂಟ್ ಕೊಡ್ತೀನಿ ಅಂತ ನನ್ನ ನಂಬರ್ ಬರ್ಕೊಂಡರು. ಕೊಟ್ಟರೂ ಕೊಟ್ಟಿರಬಹುದು. ಡ್ರೈವರಣ್ಣ ಮಾತ್ರ, 'ಎರಡು ನಿಮಿಷ ತಾನೇ, ಘಾಟಿ ಇಳಿಯುವಾಗ ಎಳ್ಕೊಳ್ತೀನಿ ಬಿಡು' ಅಂದ. ಬೇಡ ಮಾರಾಯ, ನಿಧಾನ ಹೋಗು ಅಂದೆ.

14416ಕ್ಕೆ ಒಂದು ಸಲ ಮಾಡಿದೆ ಅಕ್ಕ. ಅರ್ಧ ಗಂಟೆ ಮಾತಾಡಿದೆ. ಇನ್ನೊಂದು ಸಲ ಮಾಡ್ತೀನಿ.

ಆ ಹಾಳೆ ಈಗ ನಮ್ಮನೆ ಗೋಡೆ ಮೇಲಿದೆ, ಮಿಸ್ಸು ವಾಪಸ್ ಕೊಟ್ಟಿದ್ದು. ಮಧ್ಯದ ಬೆರಳಲ್ಲಿ ಬೇರೆ ಪೆನ್ನಲ್ಲಿ 'ಡೈರಿ ಮಾಮ' ಅಂತ ಬರೆದಿದ್ದಾನೆ. ಉಂಗುರದ ಬೆರಳಲ್ಲಿ 'ಅಪ್ಪ', ಅದರ ಪಕ್ಕ ಕಂಸದಲ್ಲಿ '8.40ರ ಮೇಲೆ'.